ಗೇಟು ತೆರೆದ ಮೇಲಿನ ಒಂಬತ್ತು ನಿಮಿಷ

ರಸ್ತೆಯಲ್ಲಿ ವಾಹನ ಹೆಚ್ಚಿದಂತೆ ಪ್ರಯಾಣದ ಸಮಯ ಎಷ್ಟು ಹೆಚ್ಚುತ್ತದೆಂದು ಲೆಕ್ಕ ಹಾಕುವ ಬಿಪಿಆರ್ ಸೂತ್ರ ದಾವಣಗೆರೆಗೆ ಒಗ್ಗುವುದಿಲ್ಲ ಎಂದು ಜೊತೆಯವರೆಲ್ಲ ನಕ್ಕಿದ್ದರು. ಅವರ ಮಾತು ಅರ್ಧ ನಿಜವಾಯಿತು.

ನಾಲ್ಕು ಸರಕು ಆಟೋ ಇಟ್ಟುಕೊಂಡಿದ್ದ ಮಂಡಕ್ಕಿ ವ್ಯಾಪಾರಿಯೊಬ್ಬರಿಗಾಗಿ, ಆಟೋಗಳ ಪ್ರಯಾಣದ ಸಮಯ ಮೊದಲೇ ಅಂದಾಜಿಸುವ ಈ ಕೆಲಸವನ್ನು 2019ರಲ್ಲಿ ಹಿಡಿದೆ. ಹಳೇಪೇಟೆಯಿಂದ ಅಶೋಕ ಟಾಕೀಸ್ ರೈಲ್ವೆ ಗೇಟು ದಾಟಿ ಗಾಂಧಿ ಸರ್ಕಲ್ ಮುಟ್ಟುವ ದಾರಿ. ಮೊದಲು ಸೂತ್ರದ ಮೂಲ ಅಂಕಿಗಳನ್ನೇ, ಅಂದರೆ ಗುಣಕ 0.15 ಮತ್ತು ಘಾತ 4 ಅನ್ನು ಹಾಕಿದೆ. ರಸ್ತೆ ಸಾಮರ್ಥ್ಯದಷ್ಟು ತುಂಬಿದರೂ ಸಮಯ ಶೇ 15ರಷ್ಟೇ ಹೆಚ್ಚುತ್ತದೆ ಎಂದಿತು ಸೂತ್ರ. ಅದು ಹೇಳಿದ್ದು ಏಳು ನಿಮಿಷ, ಗಡಿಯಾರ ತೋರಿಸಿದ್ದು ಹದಿನೆಂಟು. ವಾಹನ ಎಣಿಸಲು ಹುಡುಗರಿಗೆ ದಿನಕ್ಕೆ 300 ರೂಪಾಯಿಯಂತೆ ಕೊಟ್ಟು, ಹೆಚ್ಚುಕಡಿಮೆ 12 ಸಾವಿರ ಕೈಬಿಟ್ಟಿತ್ತು. ಘಾತವನ್ನು ಏರಿಸಿ ಇಳಿಸಿ ಎರಡು ತಿಂಗಳು ಕಳೆದೆ.

ಒಂದು ಸಂಜೆ ಗೇಟಿನ ಬಳಿಯೇ ನಿಂತು ಎಣಿಸಿದೆ. ಗೇಟು ಮುಚ್ಚಿದ್ದು 7 ನಿಮಿಷ. ನಿಮಿಷಕ್ಕೆ ಸುಮಾರು 20 ವಾಹನ ಬಂದು ಸೇರುತ್ತಿದ್ದವು, ಅಂದರೆ 140ರ ಸಾಲು. ತೆರೆದ ಮೇಲೆ ನಿಮಿಷಕ್ಕೆ 35 ದಾಟಿದರೂ ಹಿಂದಿನಿಂದ 20 ಬರುತ್ತಲೇ ಇದ್ದವು. ಕರಗುತ್ತಿದ್ದುದು 15 ಮಾತ್ರ. ಸಾಲು ತೀರಲು ಒಂಬತ್ತು ನಿಮಿಷಕ್ಕೂ ಹೆಚ್ಚು! ಸೂತ್ರದ ತಪ್ಪಲ್ಲ, ಸಾಲಿನ ಲೆಕ್ಕವನ್ನು ಅದರ ತಲೆಗೆ ಕಟ್ಟಿದ್ದು ನನ್ನ ತಪ್ಪು. ರಸ್ತೆಗೆ ಬಿಪಿಆರ್, ಗೇಟಿಗೆ ಸಾಲಿನ ಲೆಕ್ಕ ಎಂದು ಬೇರ್ಪಡಿಸಿದೆ.

ಇನ್ನೂ ಒಂದು ತೊಡಕಿತ್ತು. ಎರಡೂ ಕಡೆಯವರು ರಸ್ತೆಯ ಪೂರ್ತಿ ಅಗಲಕ್ಕೆ ನುಗ್ಗಿ ನಿಲ್ಲುತ್ತಿದ್ದುದರಿಂದ, ಗೇಟು ಎದ್ದಾಗ ಬೈಕಿನ ಮುಂದಿನ ಚಕ್ರಕ್ಕೆ ಎದುರಿನ ಬೈಕಿನ ಮುಂದಿನ ಚಕ್ರ ತಾಗುತ್ತಿತ್ತು. ಮೊದಲ ನಿಮಿಷ ಹತ್ತು ಹನ್ನೆರಡು ವಾಹನ ದಾಟಿದರೆ ಹೆಚ್ಚಾಗಿತ್ತು. ಈ ನಷ್ಟವನ್ನು ಒಂದೇ ಅಂಕಿಯಲ್ಲಿ ಹಿಡಿದಿದ್ದೇನೆ. ಅದನ್ನು ಪಡೆದ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಮೆಕ್ಕೆಜೋಳದ ಸುಗ್ಗಿ ಬಂತು. ಎಪಿಎಂಸಿಗೆ ಹೊರಟ ಟ್ರ್ಯಾಕ್ಟರ್‌ಗಳ ಹಿಂದೆ ವಾರವಿಡೀ ಬೈಕಿನಲ್ಲಿ ಸುತ್ತಿದೆ. ರಸ್ತೆಯ ಜಾಗ ಹಿಡಿಯುವುದರಲ್ಲಿ ಒಂದು ಟ್ರೈಲರನ್ನು ನಾಲ್ಕು ಕಾರಿಗೆ ಸಮ ಎಂದುಕೊಂಡಿದ್ದೆ. ತಿರುವಿನಲ್ಲಿ ಅದು ಆರಕ್ಕೂ ಮಿಗಿಲು.

ಕೊನೆಗೆ ಹತ್ತರಲ್ಲಿ ಎಂಟು ಸಲ ನನ್ನ ಲೆಕ್ಕ ಎರಡು ನಿಮಿಷದೊಳಗೆ ಕೂಡಿತು. ನಕ್ಕಿದ್ದವರೇ ಲೆಕ್ಕದ ಹಾಳೆ ಕೇಳಿ ಪಡೆದರು. ವ್ಯಾಪಾರಿ ಬೆಳಗಿನ ಎರಡು ಆಟೋಗಳನ್ನು ಇಪ್ಪತ್ತು ನಿಮಿಷ ಮೊದಲೇ ಬಿಡತೊಡಗಿದರು. ತಿಂಗಳಿಗೆ ಮೂರು ಸಾವಿರ ರೂಪಾಯಿಯಷ್ಟು ಡೀಸೆಲ್ ಉಳಿಯಿತೆಂದು ಲೆಕ್ಕದ ಪುಸ್ತಕ ತೆರೆದು ತೋರಿಸಿದರು.