ದಿನಾ ವಾಕಿಂಗ್ ಮಾಡುತ್ತಿದ್ದೆ, ಆದರೂ ಸೋಫಾದಿಂದ ಏಳಲು ಆಗಲಿಲ್ಲ

ನನಗೀಗ 69. ಸಕ್ಕರೆ ಕಾಯಿಲೆ ಬಂದು 17 ವರ್ಷ. ದಿನಾ ಅರ್ಧ ಗಂಟೆ ವಾಕಿಂಗ್ ತಪ್ಪಿಸಿದವನಲ್ಲ. ಆದರೂ ಎರಡು ವರ್ಷದ ಹಿಂದೆ ಒಂದು ದಿನ ತಗ್ಗು ಸೋಫಾದಲ್ಲಿ ಕೂತವನು ಏಳಲು ಹೋಗಿ ಧಪ್ಪಂತ ವಾಪಸ್ ಕೂತೆ. ಎರಡನೇ ಸಲವೂ ಅದೇ ಕಥೆ. ಕೊನೆಗೆ ಮೊಮ್ಮಗಳು ಓಡಿಬಂದು ಎರಡೂ ಕೈ ಹಿಡಿದು ಎಳೆದಳು. ಅವಳಿಗೆ ಅದೊಂದು ಆಟ. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ.

ಮಂಡಿ ಸವೆದಿರಬೇಕು ಅಂದುಕೊಂಡೆ. ಫಿಸಿಯೋಥೆರಪಿಸ್ಟ್ ಮಂಡಿ ಒತ್ತಿ ನೋಡಿದರು, ಏನೂ ಹೇಳಲಿಲ್ಲ. ಒಂದು ಕುರ್ಚಿ ತಂದಿಟ್ಟರು. "ಸರ್, ಕೈ ಎದೆ ಮೇಲೆ ಕಟ್ಟಿಕೊಳ್ಳಿ. 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರೋ ನೋಡೋಣ" ಅಂದರು. ಏಳನೇ ಸಲಕ್ಕೆ ತೊಡೆ ನಡುಗಿತು. ಅಲ್ಲಿಗೆ ಮುಗಿಯಿತು. 65ರಿಂದ 69 ವಯಸ್ಸಿನ ಗಂಡಸರು 12 ಸಲಕ್ಕಿಂತ ಕಡಿಮೆ ಎದ್ದರೆ, ಹೆಂಗಸರು 11ಕ್ಕಿಂತ ಕಡಿಮೆ ಎದ್ದರೆ, ಬೀಳುವ ಅಪಾಯ ಇದೆ ಅಂತ ಲೆಕ್ಕವಂತೆ. ಮಂಡಿ ಚೆನ್ನಾಗೇ ಇತ್ತು. ತೊಡೆಯಲ್ಲಿ ಕಸುವು ಇರಲಿಲ್ಲ. ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆಗೆ ಅಷ್ಟು ಭಾರದ ಕೆಲಸ ಬೀಳುವುದೇ ಇಲ್ಲ, ಅಲ್ವಾ? ಇಷ್ಟು ವರ್ಷ ಅದು ನನಗೆ ಹೊಳೆದಿರಲಿಲ್ಲ.

ಅಂಗೈ ಎರಡೂ ಜೋಡಿಸಲು ಹೇಳಿದರು. ಬೆರಳುಗಳ ನಡುವೆ ಬೆಳಕು ಕಾಣುವಷ್ಟು ಸಂದು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಕೀಲಿನ ಸುತ್ತಲಿನ ನಾರು ಬಿಗಿಯಾಗುತ್ತದೆ. ಪಾದದ ಗಿಣ್ಣಿನದೂ ಅದೇ ಪಾಡು. ಆಮೇಲೆ ಅಂಗಾಲಿಗೆ ನೈಲಾನ್ ಎಳೆ ತಾಗಿಸಿದರು. ಹೆಬ್ಬೆರಳ ಕೆಳಗೆ ತಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ಸಕ್ಕರೆಯಿಂದ ಪಾದದ ಸ್ಪರ್ಶವೂ ಕಡಿಮೆಯಾಗಿತ್ತು.

ಮನೆಯಲ್ಲಿ ವಾರಕ್ಕೆ ಮೂರು ದಿನ ಶುರು ಮಾಡಿದೆ. ಮುಖ್ಯ ಕೆಲಸ ಒಂದೇ: ಕುರ್ಚಿಯಿಂದ ಏಳುವುದು, ಕೂರುವುದು. ಕುರ್ಚಿ ಜಾರದ ಹಾಗೆ ಗೋಡೆಗೆ ಒತ್ತಿ ಇಟ್ಟೆ. ಮೊದಲ ಎರಡು ವಾರ ಅದರ ಮೇಲೊಂದು ಗಟ್ಟಿ ದಿಂಬು. ಎತ್ತರ ಹೆಚ್ಚಾದಷ್ಟೂ ಏಳುವುದು ಸುಲಭ. ಐದು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಐದು ಸಲ. ಇದರಲ್ಲೊಂದು ಗುಟ್ಟಿದೆ. ಪಾದವನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಮೂಗು ಕಾಲ್ಬೆರಳ ನೇರಕ್ಕೆ ಬರುವ ತನಕ ಮುಂದಕ್ಕೆ ಬಾಗಬೇಕು. ಆಮೇಲೆ ಏಳಬೇಕು. ಬೆನ್ನು ನೆಟ್ಟಗೆ ಇಟ್ಟುಕೊಂಡು ಎದ್ದೇನು ಅಂದರೆ ಯಾವ ಶಕ್ತಿಯೂ ಸಾಲದು. ಕೂರುವಾಗ ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿಯಬೇಕು. ನನ್ನ ಪ್ರಕಾರ ತೊಡೆ ಗಟ್ಟಿಯಾಗಿದ್ದು ಏಳುವುದರಿಂದಲ್ಲ, ಈ ಇಳಿಯುವುದರಿಂದ. ಗಟ್ಟಿಯಾಗಿ ಎಣಿಸುವುದಕ್ಕೂ ಕಾರಣ ಇದೆ. ಬಾಯಿಬಿಟ್ಟು ಎಣಿಸುವಾಗ ಉಸಿರು ಬಿಗಿ ಹಿಡಿಯಲು ಆಗುವುದಿಲ್ಲ. ಉಸಿರು ಹಿಡಿದು ತಿಣುಕಿದರೆ ಬಿಪಿ ಏರುತ್ತದೆ. ಸಕ್ಕರೆಯಿಂದ ಕಣ್ಣಿನ ಒಳಗಿನ ರಕ್ತನಾಳ ಹಾಳಾಗಿರುವವರಿಗೆ ಅದು ಒಳ್ಳೆಯದಲ್ಲ.

ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದು ಇವೆಲ್ಲ ಇದ್ದವು. ಬೇಜಾರಿನ ಕೆಲಸ, ಸುಮ್ನೆ ಮಾಡುತ್ತಾ ಹೋದೆ.

ಮೂರನೇ ವಾರ ಎಡವಟ್ಟು ಮಾಡಿಕೊಂಡೆ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ತಿಂಡಿ ಆಮೇಲೆ ತಿಂದರಾಯಿತು ಅಂತ ವ್ಯಾಯಾಮಕ್ಕೆ ನಿಂತೆ. ಹತ್ತು ನಿಮಿಷಕ್ಕೆ ಕುತ್ತಿಗೆ ಹಿಂದೆ ತಣ್ಣಗೆ ಬೆವರು, ಕೈ ನಡುಕ. ಮಷಿನ್ನಲ್ಲಿ ನೋಡಿದರೆ ಸಕ್ಕರೆ 64ಕ್ಕೆ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದೆ. 15 ನಿಮಿಷ ಬಿಟ್ಟು ನೋಡಿದಾಗ 92. ಸೊಸೆ ಪಕ್ಕದಲ್ಲೇ ಕೂತಿದ್ದಳು, ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ಭಯವಾಯಿತು! ಮೆಟ್‌ಫಾರ್ಮಿನ್ ಅನ್ನುವ ಇನ್ನೊಂದು ಸಕ್ಕರೆ ಕಾಯಿಲೆ ಮಾತ್ರೆ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ. ಇನ್ಸುಲಿನ್ ಅಥವಾ ನನ್ನಂಥ ಮಾತ್ರೆ ಇರುವವರು ಹುಷಾರಾಗಿರಬೇಕು. ಈಗ 90ಕ್ಕಿಂತ ಕಡಿಮೆ ಇದ್ದರೆ ಮೊದಲು ಏನಾದರೂ ತಿನ್ನುತ್ತೇನೆ. ವ್ಯಾಯಾಮದ ಹೊತ್ತನ್ನೂ ತಿಂಡಿಯಾದ ಮೇಲಕ್ಕೆ ಹಾಕಿಕೊಂಡೆ.

ಇನ್ನೊಂದು ದಿನ ಶೂ ಬಿಚ್ಚಿದಾಗ ಕಾಲುಚೀಲದ ಮೇಲೆ ರಕ್ತದ ಕಲೆ. ಒಳಗೆ ಕಡಲೆ ಗಾತ್ರದ ಕಲ್ಲು. ಅದನ್ನು ತುಳಿದುಕೊಂಡೇ ಅರ್ಧ ಗಂಟೆ ನಡೆದಿದ್ದೆ, ನೋವೇ ಇಲ್ಲ. ಗಾಯ ಮಾಯಲು ಮೂರು ವಾರ ಬೇಕಾಯಿತು. ಅಲ್ಲಿಯ ತನಕ ಕೂತೇ ಮಾಡುವ ವ್ಯಾಯಾಮ. ಈಗ ಕಾಲಿಡುವ ಮುಂಚೆ ಶೂ ಒಳಗೆ ಕೈಹಾಕಿ ನೋಡುತ್ತೇನೆ. ರಾತ್ರಿ ಮಲಗುವಾಗ ಅಂಗಾಲಿನ ಕೆಳಗೆ ಕನ್ನಡಿ ಹಿಡಿಯುತ್ತೇನೆ.

ನಾಲ್ಕನೇ ತಿಂಗಳ ಕೊನೆಗೆ ಅದೇ ಕುರ್ಚಿ, ಅದೇ 30 ಸೆಕೆಂಡು. 13 ಸಲ ಎದ್ದೆ. ಸೋಫಾದಿಂದ ಏಳುವುದು ಈಗ ಲೆಕ್ಕಕ್ಕೇ ಇಲ್ಲ. ಮೊಮ್ಮಗಳು ಮಾತ್ರ "ಎಳೀಲಾ ತಾತಾ?" ಅಂತ ಈಗಲೂ ಕೈ ಚಾಚುತ್ತಾಳೆ.

ಇನ್ನೂ ಕೈಗೆ ಬಾರದೇ ಇರುವುದು ಸಮತೋಲನ ಹಿಡಿದು ನಿಲ್ಲುವುದು. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ 10 ಸೆಕೆಂಡು ನಿಲ್ಲಬೇಕು. ಮೂಲೆಯಲ್ಲಿ, ಎರಡೂ ಕಡೆ ಗೋಡೆ ಕೈಗೆ ಸಿಗುವ ಹಾಗೆ ನಿಲ್ಲುತ್ತೇನೆ. ಕಣ್ಣು ತೆರೆದಿದ್ದರೆ ಪರವಾಗಿಲ್ಲ. ಪಾದಕ್ಕೆ ನೆಲ ತಿಳಿಯದೆ ಇರುವುದನ್ನು ಕಣ್ಣು ಸರಿದೂಗಿಸುತ್ತದೆ. ಕರೆಂಟ್ ಹೋದರೆ ತೂಗಾಟ ಶುರು. ಅದಕ್ಕೇ ಬಚ್ಚಲ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯುತ್ತದೆ. ಎಡಗಾಲು ಹಿಂದಿಟ್ಟು ನಿಂತರೆ ಇವತ್ತಿಗೂ ಏಳನೇ ಸೆಕೆಂಡಿಗೆ ಗೋಡೆ ಮುಟ್ಟುತ್ತೇನೆ.