ಪಾವಗಡದ ನೀರು ನಮ್ಮ ಟಿವಿಯಲ್ಲಿ

ತುಮಕೂರಿನಲ್ಲಿ ಒಂದು ವಿಶ್ವವಿದ್ಯಾಲಯದ ಸ್ಟುಡಿಯೋದಲ್ಲಿ ನಾನು ಶೈಕ್ಷಣಿಕ ಕಾರ್ಯಕ್ರಮ ಮಾಡುತ್ತೇನೆ. ವಿದ್ಯಾರ್ಥಿಗಳೇ ಕ್ಯಾಮೆರಾ ಹಿಡಿಯುತ್ತಾರೆ, ಅವರೇ ಎಡಿಟ್ ಮಾಡುತ್ತಾರೆ. ಸಂಜೆ ಹೊತ್ತು ಲೋಕಲ್ ಕೇಬಲ್‌ನಲ್ಲಿ ಬರುತ್ತದೆ. ಮಾಡಿದ್ದರಲ್ಲಿ ನನಗೆ ಜಾಸ್ತಿ ತೃಪ್ತಿ ಕೊಟ್ಟದ್ದು ನಮ್ಮ ಜಿಲ್ಲೆಯ ಪಾವಗಡದ ಫ್ಲೋರೈಡ್ ನೀರಿನ ಕಾರ್ಯಕ್ರಮ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಜಾಸ್ತಿ, ಅದು ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ.

ವಿಶ್ವವಿದ್ಯಾಲಯಗಳು ಟಿವಿಗೆ ಪಾಠ ಮಾಡುವುದು ಹೊಸದೇನಲ್ಲ. 1984ರಲ್ಲೇ ಯುಜಿಸಿ ದೂರದರ್ಶನದಲ್ಲಿ 'ಕಂಟ್ರಿವೈಡ್ ಕ್ಲಾಸ್‌ರೂಮ್' ಶುರು ಮಾಡಿತ್ತು. ಆದರೆ ಇಡೀ ದೇಶಕ್ಕೆ ಮಾಡುವ ಪಾಠದಲ್ಲಿ ಪಾವಗಡದ ಬೋರ್‌ವೆಲ್ ಎಲ್ಲಿಂದ ಬರಬೇಕು? ಅದನ್ನು ಇಲ್ಲಿಯವರೇ ಮಾಡಬೇಕು ಅಲ್ವಾ?

ಸ್ಕ್ರಿಪ್ಟ್ ಬರೆಯುವ ಮೊದಲು ಊರಿಗೆ ಹೋಗಿ ಜನರ ಮಾತು ಕೇಳಿದೆವು. ಒಬ್ಬ ಅಜ್ಜಿ, "ಕಾಯ್ಸಿ ಕುಡುದ್ರೆ ಆಗಲ್ವಾ ಸಾರ್?" ಎಂದರು. ಕಾರ್ಯಕ್ರಮ ಶುರುವಾಗುವುದೇ ಆ ಪ್ರಶ್ನೆಯಿಂದ. ಅವರ ಮಾತಿನಲ್ಲಿ ನಡುನಡುವೆ ತೆಲುಗು ಇತ್ತು. ಆಂಧ್ರದ ಗಡಿ ಊರು, ಜನ ಮಾತಾಡುವುದೇ ಹಾಗೆ. ನಾವು ಕತ್ತರಿಸಲಿಲ್ಲ.

ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಜಾಸ್ತಿಯೇ ಆಗುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಪರವಾಗಿಲ್ಲ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಈ ಲೆಕ್ಕವನ್ನು ಸುಮ್ನೆ ಓದಿ ಹೇಳಿದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ಹಾಗಾಗಿ ಪರೀಕ್ಷೆ ಕಿಟ್ಟನ್ನೇ ಜಗಲಿ ಮೇಲೆ ಇಟ್ಟೆವು.

ಎರಡು ಗಾಜಿನ ನಳಿಗೆ. ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ್ದು. ಎರಡಕ್ಕೂ ಕಿಟ್ಟಿನ ಗುಲಾಬಿ ದ್ರಾವಣ ಹಾಕಬೇಕು. ಫ್ಲೋರೈಡ್ ಜಾಸ್ತಿ ಇದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಇಲ್ಲಿ ಕ್ಯಾಮೆರಾ ಕೆಲಸ ಬಹಳ ಮುಖ್ಯ. ಟ್ಯೂಬ್‌ಲೈಟ್ ಆರಿಸಿ, ನೆರಳಿನ ಹಗಲು ಬೆಳಕಿನಲ್ಲಿ, ಹಿಂದೆ ಬಿಳಿ ಹಾಳೆ ಇಟ್ಟೆವು. ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ವೈಟ್ ಬ್ಯಾಲೆನ್ಸನ್ನು ಆಟೋಗೆ ಬಿಡದೆ ಆ ಹಾಳೆ ನೋಡಿಯೇ ಸೆಟ್ ಮಾಡಿಸಿದೆ. ಇಲ್ಲದಿದ್ದರೆ ಟಿವಿಯಲ್ಲಿ ಕಾಣುವ ಹಳದಿ ನೀರಿನದ್ದೋ ಕ್ಯಾಮೆರಾದ್ದೋ ಗೊತ್ತಾಗುವುದಿಲ್ಲ. ದ್ರಾವಣ ಹಾಕಿದಾಗಿನಿಂದ ಬಣ್ಣ ತಿರುಗುವವರೆಗೆ ಒಂದೇ ಶಾಟ್. ನಡುವೆ ಕಟ್ ಮಾಡಿದರೆ ನಳಿಗೆ ಬದಲಾಯಿಸಿದರು ಅಂತ ಅನುಮಾನ ಬರುವುದು ಸಹಜ. ಬೋರ್‌ವೆಲ್ ನೀರು ಹಳದಿಯಾದಾಗ ಸುತ್ತ ನಿಂತಿದ್ದವರು ಮುಂದಕ್ಕೆ ಬಗ್ಗಿದರು. ಆ ತಲೆಗಳೂ ಫ್ರೇಮಿನಲ್ಲಿವೆ.

ಘಟಕದ ನೀರು ಮನೆಮಂದಿಗೆಲ್ಲ ಸಾಲದಿದ್ದರೆ ಮೊದಲು ಚಿಕ್ಕ ಮಕ್ಕಳಿಗೆ ಕೊಡಿ ಎಂದು ಕೊನೆಯಲ್ಲಿ ಹೇಳಿಸಿದೆವು. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ, ಸುಮಾರು 8 ವರ್ಷದೊಳಗೆ, ಫ್ಲೋರೈಡ್‌ನಿಂದ ಕಲೆಯಾಗುವುದು. ಕುಡಿಯುವುದಕ್ಕೆ ಮಾತ್ರವಲ್ಲ, ಮಕ್ಕಳ ಅನ್ನ, ಸಾರಿಗೂ ಅದೇ ನೀರು ಹಾಕಬೇಕು.