ಕ್ಯಾಂಪರ್ ವ್ಯಾನಿನ ಫ್ರಿಜ್ ನಿಂತರೆ ಮೊದಲು ವಯರು ನೋಡಿ

ಬೇಕಲದ ಕಡೆ ಹೊರಟ ಕ್ಯಾಂಪರ್ ವ್ಯಾನಿನವರು ಕುಂಬಳೆಯ ನಮ್ಮ ಆಟೋ ಇಲೆಕ್ಟ್ರಿಕಲ್ ಅಂಗಡಿಗೆ ಬಂದರೆ ಹೇಳುವುದು ಒಂದೇ ಮಾತು: "ಅಣ್ಣಾ, ಫ್ರಿಜ್ಜಿನ ಕಂಪ್ರೆಸರ್ ಹೋಗಿದೆ." ಹೆಚ್ಚಿನ ಸಲ ಕಂಪ್ರೆಸರ್ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಬ್ಯಾಟರಿಯಿಂದ ಅಲ್ಲಿಗೆ ಕರೆಂಟು ಹೋಗುವ ದಾರಿ. ಅದನ್ನು ಹುಡುಕಲು ವೋಲ್ಟ್ ಅಳೆಯುವ ಮಲ್ಟಿಮೀಟರ್ ಬೇಕು. ಟೆಸ್ಟ್ ಲ್ಯಾಂಪ್ ಸಾಲದು, 10 ವೋಲ್ಟಿಗೂ ಅದು ಚಂದ ಉರಿಯುತ್ತದೆ ಮಾರಾಯ್ರೆ.

ಅಳೆಯಬೇಕಾದ್ದು ಫ್ರಿಜ್ಜಿನ ಹಿಂದಿನ ಪ್ಲಸ್ ಮತ್ತು ಮೈನಸ್ ಟರ್ಮಿನಲ್ಲಿನಲ್ಲಿ, ಅದೂ ಕಂಪ್ರೆಸರ್ ಸ್ಟಾರ್ಟ್ ಆಗುವ ಹೊತ್ತಿಗೆ. ಸುಮ್ಮನೆ ನಿಂತಾಗ ಕಾಣುವ 12.6 ನಂಬಬೇಡಿ. ಅಡಿಕೆ ತೋಟದಲ್ಲಿ ಗೇಟ್ ವಾಲ್ವ್ ಮುಚ್ಚಿದಾಗ ಗೇಜಿನಲ್ಲಿ ಪ್ರೆಶರ್ ಭರ್ಜರಿ ಇರುತ್ತದೆ, ಸ್ಪ್ರಿಂಕ್ಲರ್ ಬಿಟ್ಟಾಗಲೇ ಪೈಪಿನ ಹಣೆಬರಹ ಗೊತ್ತಾಗುವುದು. ಇಲ್ಲಿಯೂ ಹಾಗೆಯೇ. ತುಂಬ ಫ್ರಿಜ್‌ಗಳಲ್ಲಿರುವ BD35 ಎಂಬ ಕಂಪ್ರೆಸರ್ (ಮೊದಲು ಡ್ಯಾನ್‌ಫಾಸ್, ಈಗ ಸೆಕಾಪ್ ಕಂಪೆನಿಯದ್ದು) ಮಾಮೂಲಿ ಸೆಟ್ಟಿಂಗಿನಲ್ಲಿ 10.4 ವೋಲ್ಟಿಗೆ ಇಳಿದರೆ ನಿಲ್ಲುತ್ತದೆ, 11.7ಕ್ಕೆ ಏರುವವರೆಗೆ ಮತ್ತೆ ಹೊರಡುವುದಿಲ್ಲ. ಗುಂಯ್ ಅಂದು ನಿಂತು, ಸ್ವಲ್ಪ ಹೊತ್ತಿಗೆ ಪುನಃ ಗುಂಯ್ ಅಂದರೆ ಸಂಶಯ ವಯರಿನ ಮೇಲೆ. ಕಂಪ್ರೆಸರ್ ಓಡಿಸುವ ಇಲೆಕ್ಟ್ರಾನಿಕ್ ಪೆಟ್ಟಿಗೆಗೆ, ಅಂದರೆ ಕಂಟ್ರೋಲರಿಗೆ, ಎಲ್‌ಇಡಿ ಇದ್ದರೆ ಮಿನುಗು ಎಣಿಸಿ: ಒಂದಾದರೆ ವೋಲ್ಟೇಜ್ ಕಡಿಮೆ, ಎರಡಾದರೆ ಫ್ಯಾನು, ಮೂರಾದರೆ ಮೋಟಾರ್ ಸ್ಟಾರ್ಟ್ ಆಗಿಲ್ಲ, ಐದಾದರೆ ಕಂಟ್ರೋಲರ್ ಬಿಸಿಯಾಗಿದೆ.

ಫ್ರಿಜ್ ನಿಲ್ಲುತ್ತಲೇ ಇದ್ದರೆ ಅಳೆಯುವುದು ಹೇಗೆ? ಅದರ ವಯರು ಕಳಚಿ, ಆ ತುದಿಗೆ 55 ವಾಟಿನ ಹಳೆಯ ಹೆಡ್‌ಲೈಟ್ ಬಲ್ಬು ಕಟ್ಟಿ. ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಹೆಚ್ಚುಕಡಿಮೆ ಫ್ರಿಜ್ಜಿನಷ್ಟೇ. ಬಲ್ಬು ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಪ್ಲಸ್ಸಿಗೆ. ಕಂಡ ಅಂಕಿ ದಾರಿಯಲ್ಲಿ ಸೋರಿಹೋದ ವೋಲ್ಟೇಜ್. ಮೈನಸ್ ಕಡೆಯೂ ಹೀಗೆ ನೋಡಿ. ಕಾಲು ವೋಲ್ಟಿಗಿಂತ ಜಾಸ್ತಿ ಇರುವ ಕಡೆಯಲ್ಲಿ ಕಡ್ಡಿಯನ್ನು ಒಂದೊಂದೇ ಜಾಯಿಂಟು ಹಿಂದಕ್ಕೆ ತನ್ನಿ: ಸ್ವಿಚ್ಚು, ಲಗ್ಗು (ವಯರಿನ ತುದಿಯ ಲೋಹದ ಬಳೆ), ಫ್ಯೂಸ್ ಹೋಲ್ಡರ್. ಅಂಕಿ ಎಲ್ಲಿ ಧಡಕ್ಕನೆ ಇಳಿಯಿತೋ ಕಳ್ಳ ಅಲ್ಲೇ.

ನಮ್ಮ ಕರಾವಳಿಯಲ್ಲಿ ಆ ಕಳ್ಳ ಹೆಚ್ಚಾಗಿ ಅರ್ತ್, ಅಂದರೆ ಮೈನಸ್ ವಯರಿನ ಜಾಯಿಂಟು. ವ್ಯಾನ್ ಕಟ್ಟಿದವರು ಕಪ್ಪು ವಯರನ್ನು ಬಾಡಿಯ ತಗಡಿಗೆ ಸ್ಕ್ರೂ ಹೊಡೆದು ಬಿಟ್ಟಿರುತ್ತಾರೆ. ಉಪ್ಪು ಗಾಳಿ, ಮೇಲಿಂದ ಆಟಿಯ ಮಳೆ. ತಗಡು ತುಕ್ಕು, ತಾಮ್ರ ಹಸಿರು. ಉಜ್ಜಿ ಗ್ರೀಸ್ ಹಚ್ಚಿದರೆ ಆ ಸೀಸನ್ ಕಳೆಯಬಹುದು, ನನಗೆ ಅದು ಕೆಲಸವೆಂದು ಅನಿಸುವುದಿಲ್ಲ. ಕಪ್ಪು ವಯರನ್ನೂ ಬ್ಯಾಟರಿಯ ಮೈನಸ್‌ವರೆಗೆ ಎಳೆಯಿರಿ. ಬ್ಯಾಟರಿ ಮಾನಿಟರಿನ ಶಂಟ್ (ಮೈನಸ್ ದಾರಿಯಲ್ಲಿ ಕರೆಂಟು ಅಳೆಯುವ ಲೋಹದ ತುಂಡು) ಇದ್ದರೆ ಅದರ ಲೋಡ್ ಬದಿಗೆ ಕೊಡಿ, ಬ್ಯಾಟರಿಯ ಬದಿಗಲ್ಲ.

ವಯರಿನ ದಪ್ಪದ ಲೆಕ್ಕ ನೆನಪಿಡಲು ಸುಲಭ. 12 ವೋಲ್ಟಿನಲ್ಲಿ ಈ ಕಂಪ್ರೆಸರಿಗೆ ಎರಡೂವರೆ ಸ್ಕ್ವೇರ್ ಎಂಎಂ ವಯರು ಎರಡೂವರೆ ಮೀಟರ್ ದೂರಕ್ಕೆ, 4 ಸ್ಕ್ವೇರ್ 4 ಮೀಟರಿಗೆ, 6 ಸ್ಕ್ವೇರ್ 6 ಮೀಟರಿಗೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಫ್ರಿಜ್ ಓಡಿಸುವ ಆಸೆ ಬಿಟ್ಟುಬಿಡಿ.

ಟರ್ಮಿನಲ್ಲಿನಲ್ಲಿ 12 ಇದ್ದೂ ಎದ್ದೇಳದಿದ್ದರೆ, ಫ್ಯೂಸ್ ತೆಗೆದು, ಕಂಟ್ರೋಲರಿನ ಸಿ ಮತ್ತು ಟಿ ಪಿನ್ನುಗಳನ್ನು ತುಂಡು ವಯರಿನಿಂದ ಸೇರಿಸಿ, ಫ್ಯೂಸ್ ಹಾಕಿ. ಓಡಿತೆಂದರೆ ಹೋಗಿರುವುದು ಥರ್ಮೋಸ್ಟಾಟ್, ತಂಪು ನೋಡಿ ಆನ್-ಆಫ್ ಮಾಡುವ ಸ್ವಿಚ್ಚು.

ಗ್ಯಾಸ್, 12 ವೋಲ್ಟ್, 230 ವೋಲ್ಟ್ ಮೂರರಲ್ಲೂ ಓಡುವ ಫ್ರಿಜ್‌ನ ಕತೆ ಬೇರೆ. ಅದರಲ್ಲಿ ಕಂಪ್ರೆಸರೇ ಇಲ್ಲ, ಹೀಟರ್ ಇದೆ. 120 ವಾಟಿನ 12 ವೋಲ್ಟ್ ಹೀಟರಿನ ವಯರು ಕಳಚಿ ಅಳೆದರೆ ಸುಮಾರು 1.2 ಓಮ್ ಬರಬೇಕು. ಬಂದರೆ ಹೀಟರ್ ಸರಿ, ವಯರು ಪುನಃ ಕೊಟ್ಟು ರಿಲೇ (ಎಂಜಿನ್ ಓಡುವಾಗ ಹೀಟರಿಗೆ ಕರೆಂಟು ಬಿಡುವ ಸ್ವಿಚ್ಚು) ನೋಡಿ: ಎಂಜಿನ್ ಓಡುವಾಗ ಅದರ 85 ಮತ್ತು 86 ನಂಬರಿನ ಪಿನ್ನುಗಳ ನಡುವೆ 12 ವೋಲ್ಟ್ ಇರಬೇಕು, 30 ಮತ್ತು 87ರ ನಡುವೆ ಏನೂ ಕಾಣಬಾರದು. 230 ವೋಲ್ಟಿನ ಹೀಟರ್ ಮುಟ್ಟುವುದಿದ್ದರೆ ಮೊದಲು ಪ್ಲಗ್ ಎಳೆದು ನಿಮ್ಮ ಕಣ್ಣಿಗೆ ಕಾಣುವ ಹಾಗೆ ಹೊರಗಿಡಿ.